ಜಯತ್ತೆಯ ಗಾಜಿನ ಲೋಟ

ಜಯತ್ತೆ ವೈನ್ ಲೋಟವನ್ನು ಎತ್ತಿ ನೋಡುತ್ತಿದ್ದುದು ಕಿಟಕಿಯ ಬೆಳಕಿಗೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ. ಅವರು ನಮ್ಮಪ್ಪನ ತಂಗಿ, ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗಂಜಿ ಹಾಕಿದ ಕಾಟನ್ ಸೀರೆ, ಗಂಡ ಹೋದಮೇಲೂ ಬಿಡದ ಕಾಸಗಲ ಕುಂಕುಮ.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಹಳೇ ಮನೆಯ ಮುಂದಿನ ಕೋಣೆಯೇ ಅವರು ಹೋಗುತ್ತಿದ್ದ ಫ್ರೆಂಚ್ ಹೋಟೆಲು. ನಾಲ್ಕೇ ಮೇಜು. ಪಾಂಡಿಚೇರಿಯಲ್ಲಿ ಅಡುಗೆ ಕಲಿತು ಬಂದ ಸುರೇಶ ಅದನ್ನು ನಡೆಸುತ್ತಿದ್ದ. ಅವನ ಈರುಳ್ಳಿ ಸೂಪಿನಲ್ಲಿ ಚಮಚ ಎತ್ತಿದರೆ ಚೀಸು ಎಳೆ ಎಳೆಯಾಗಿ ಬರುತ್ತಿತ್ತು. ವೈನಿನಲ್ಲಿ ಬೆಂದ ಕೋಳಿ ಮುಟ್ಟಿದರೆ ಮೂಳೆ ಬಿಡುತ್ತಿತ್ತು. ಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದ ಅತ್ತೆ ಅಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದರು. ತಟ್ಟೆಯನ್ನು ಬ್ರೆಡ್ಡಿನಿಂದ ಬಳಿಯುತ್ತಾ, "ಎಲ್ಲರ್ಗೂ ಬಡಿಸಿದ್ದಾಯ್ತು ಕಣೇ. ಈಗ ನಂಗೆ ಯಾರಾದ್ರೂ ಬಡಿಸ್ಲಿ," ಎನ್ನುತ್ತಿದ್ದರು.

ಅತ್ತೆ ಮೊದಲ ಸಲ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದ ದಿನ ಸುರೇಶ ಅವರ ವೈನನ್ನು ಸ್ಟೀಲ್ ಲೋಟದಲ್ಲಿ ತಂದಿಟ್ಟ. ಪಾಪ, ನೋಡಿದವರು ಕಾಫಿ ಅಂದುಕೊಳ್ಳಲಿ ಎಂದು.

"ಇದ್ಯಾಕಪ್ಪ ಸ್ಟೀಲು?"

"ಜನ ನೋಡ್ತಾರೆ ಮೇಡಂ."

ಅತ್ತೆ ಪಕ್ಕದ ಮೇಜಿನ ಗಂಡಸರನ್ನು ತೋರಿಸಿದರು. "ಅವ್ರಿಗೆ ಗಾಜಿಂದ್ರಲ್ಲಿ ಕೊಟ್ಟಿದೀಯಲ್ಲ, ಅವ್ರನ್ನ ನೋಡಲ್ವಾ? ಬಣ್ಣ ಕಾಣ್ದಂಗೆ ಕುಡಿಯೋಕೆ ಇದೇನು ಕಷಾಯನಾ?"

ಅವನು ಗಾಜಿನ ಲೋಟ ತಂದ. ನೇರಳೆ ಹಣ್ಣಿನ ಬಣ್ಣ. ನಾನೂ ಒಂದು ಗುಟುಕು ಕುಡಿದೆ. ಮೊದಲು ನಾಲಿಗೆಗೆ ಒಗರು ಹತ್ತಿತು, ಆಮೇಲೆ ಮೆಲ್ಲಗೆ ರುಚಿ ಬಿಚ್ಚಿಕೊಂಡಿತು. ಅದಕ್ಕಿಂತ ಒಳ್ಳೆಯದನ್ನು ನಾನು ಇವತ್ತಿಗೂ ಕುಡಿದಿಲ್ಲ.

ಸುದ್ದಿ ಅಮೃತೂರಿನ ತವರಿಗೆ ಮುಟ್ಟಿತು. ಒಂದು ಸಂಜೆ ದೊಡ್ಡಪ್ಪ, ಅಂದರೆ ಅವರ ಅಣ್ಣ, ಹೋಟೆಲಿನ ಬಾಗಿಲಿಗೇ ಬಂದು ನಿಂತರು.

"ಏನೇ ಜಯ, ಮಾನ ಮರ್ಯಾದೆ ಇಲ್ವಾ? ಕುಡಿಯೋದಾದ್ರೆ ಮನೇಲಿ ಬಾಗ್ಲು ಹಾಕ್ಕೊಂಡು ಕುಡಿ. ಇಲ್ದಿದ್ರೆ ನನ್ ಮಗಳ ಮದುವೆಗೆ ಬರ್ಬೇಡ."

"ಬಾಗ್ಲು ಹಾಕ್ಕೊಳ್ಳೋಕೆ ನಾನೇನ್ ಕದ್ದಿದೀನಾ ಅಣ್ಣಯ್ಯ? ಬಾ ಕೂತ್ಕೋ, ಸೂಪು ಚೆನ್ನಾಗಿದೆ."

ದೊಡ್ಡಪ್ಪ ಕೂರಲಿಲ್ಲ. ಅತ್ತೆ ಎತ್ತಿ ಆಡಿಸಿದ್ದ ಹುಡುಗಿಯ ಮದುವೆ ಅದು. ಕರೆಯದಿದ್ದರೂ ಅತ್ತೆ ಹೋದರು, ಮುಂದಿನ ಸಾಲಿನಲ್ಲೇ ಕೂತರು, ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಹೊರಟುಬಂದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಣ್ಣೊರೆಸಿಕೊಂಡರು. ಆ ವಾರವೇ ಮತ್ತೆ ಅದೇ ಕಿಟಕಿ, ಅದೇ ಲೋಟ.

ಹೋದ ವರ್ಷ ಅತ್ತೆ ತೀರಿಕೊಂಡರು. ಸತ್ತವರಿಗೆ ಇಷ್ಟವಾದದ್ದನ್ನು ಪಿತೃಪಕ್ಷದಲ್ಲಿ ಫೋಟೋದ ಮುಂದೆ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಮಕ್ಕಳಿಲ್ಲದ ಅತ್ತೆಯ ಎಡೆಯೂ ದೊಡ್ಡಪ್ಪನ ಮನೆಯಲ್ಲೇ. ತಾತನ ಫೋಟೋದ ಮುಂದೆ ಎಂದಿನಂತೆ ಬ್ರಾಂಡಿ ಬಾಟಲಿ ಇತ್ತು. ನಾನು ಸುರೇಶನ ಹತ್ತಿರ ಸೂಪು, ಬ್ರೆಡ್ಡು, ವೈನು ಕೇಳಿ ತಂದಿದ್ದೆ. ದೊಡ್ಡಪ್ಪ ಬೇಡವೆನ್ನಲಿಲ್ಲ. ಒಳಗೆ ಹೋಗಿ ಸ್ಟೀಲ್ ಲೋಟ ತಂದು ಕೊಟ್ಟರು.

"ಇದ್ರಲ್ಲಿ ಹಾಕವ್ವ. ನೆಂಟ್ರು ನೋಡ್ತಾರೆ."

ಅದನ್ನು ಪಕ್ಕಕ್ಕಿಟ್ಟೆ. ಚೀಲದಿಂದ ಗಾಜಿನ ಲೋಟ ತೆಗೆದು, ಸೆರಗಿನಲ್ಲಿ ಒರೆಸಿ, ವೈನು ತುಂಬಿಸಿ ಅತ್ತೆಯ ಮುಂದಿಟ್ಟೆ.

"ನೋಡ್ಲಿ ಬಿಡಿ ದೊಡ್ಡಪ್ಪ. ತಾತನ ಬ್ರಾಂಡಿಗೆ ನೀವು ಯಾವತ್ತು ಸ್ಟೀಲ್ ಲೋಟ ಹುಡುಕಿದ್ರಿ?"