ಬಲಗಡೆಯ ಹೂವು

ಮಿಡಿಗೇಶಿಯಲ್ಲಿ ನಮ್ಮ ಪಕ್ಕದ ಮನೆಯ ತಾತ ಊರದೇವತೆ ಅಮ್ಮನ ಗುಡಿಯ ಪೂಜಾರಿ. ಕಷ್ಟ ಹೇಳಿಕೊಂಡು ಬಂದವರಿಗಾಗಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವಿಟ್ಟು ಅಪ್ಪಣೆ ಕೇಳುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಒಳ್ಳೆಯದಾಗುತ್ತದೆಂದು ಅರ್ಥ. “ಬಲಕ್ಕೇ ಕೊಡ್ತಾಳೆ ಬುಡು” ಎನ್ನುತ್ತ ಆ ಹೂವನ್ನು ಬೇಕೆಂದೇ ಸಡಿಲವಾಗಿಡುತ್ತಿದ್ದರು. ಹೆದರಿ ಬಂದವರು ಧೈರ್ಯವಾಗಿ ಹೋಗಲಿ ಅಂತ, ಎಂದು ನನಗೊಮ್ಮೆ ಹೇಳಿದ್ದರು.

ಹೆಂಡತಿಗೆ ಎದೆನೋವು ಬಂದ ದಿನ ತಾವೂ ಹೂ ಕೇಳಿದರು. ಬಲಕ್ಕೇ ಬಿತ್ತು. ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ಅಜ್ಜಿ ಸಂಜೆಗೆ ತೀರಿಹೋದರು.

ಆಮೇಲೆ ಊಟ, ನಿದ್ದೆ ಬಿಟ್ಟು ಗುಡಿಯಲ್ಲೇ ಕೂತಿರುತ್ತಿದ್ದರು. “ಅವತ್ತು ಸಡ್ಲ ಇಟ್ಟಿದ್ನಾ, ಗಟ್ಟಿ ಇಟ್ಟಿದ್ನಾ, ಗ್ಯಾಪಕ ಇಲ್ಲ ಕಣಮ್ಮ.”

“ಗಟ್ಟಿಯಾಗೇ ಇಟ್ಟಿರ್ತೀಯ ತಾತ, ನಿನ್ ತಪ್ಪಿಲ್ಲ” ಎಂದೆ, ಸಮಾಧಾನಕ್ಕೆ.

“ಅಂಗಾರೆ ಅಮ್ನೇ ಸುಳ್ಳು ಏಳಿದ್ಲಾ?”

ಗುಡಿಯ ಬಾಗಿಲೆಳೆದು, ಬೀಗದಕೈಯನ್ನು ನನ್ನ ಕೈಗಿಟ್ಟರು.