ಹೊಳೆಯಾಚೆಯ ಕೋಣೆ

ನನ್ನ ಸೋದರತ್ತೆ ಹೊಳೆಯ ಕೊನೆಯ ಮೆಟ್ಟಿಲ ಮೇಲೆ ನಿಂತಾಗ ಅವಳ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಂಡು ಕಲ್ಲನ್ನು ಹಿಡಿಯುತ್ತಿದ್ದವು. ಹಿಮ್ಮಡಿ ಬಿರಿದ, ಅಗಲವಾದ ಪಾದಗಳು. ಉಗಾರ ಬುದ್ರುಕದ ಹೆಂಗಸರೆಲ್ಲ ಮೊಣಕಾಲುದ್ದ ನೀರಿಗಿಳಿದು ಬಟ್ಟೆ ಒಗೆಯುತ್ತಿದ್ದರೆ ಇವಳು ಮಾತ್ರ ಮೆಟ್ಟಿಲ ಮೇಲೆಯೇ ಕೂತು, ಕೊಡ ಬಗ್ಗಿಸಿ ನೀರು ತುಂಬಿಕೊಂಡು, ಬಟ್ಟೆಯಲ್ಲಿ ಸೋಸಿ ತರುತ್ತಿದ್ದಳು. ನೀರಿಗೆ ಕಾಲಿಡುತ್ತಿರಲಿಲ್ಲ.

ನಾನು ಬರೆಯುವ ಅದ್ಭುತಲೋಕದ ಕಾದಂಬರಿಗಳಲ್ಲಿ ಮನುಷ್ಯರು ದಾಟಲಾಗದ ಒಂದು ಬೆಟ್ಟ ಯಾವಾಗಲೂ ಇರುತ್ತದೆ. ಅದನ್ನು ಯಾವ ಇಂಗ್ಲಿಷ್ ಪುಸ್ತಕದಿಂದ ತಂದಿರಿ ಎಂದು ಓದುಗರು ಕೇಳುತ್ತಾರೆ. ಹಾರುವ ಕುದುರೆ, ಮಾತಾಡುವ ಕತ್ತಿಗಳನ್ನು ಅಣ್ಣ ನಿಪ್ಪಾಣಿಯಿಂದ ತರುತ್ತಿದ್ದ ಹಳೆಯ ಮರಾಠಿ ಪುಸ್ತಕಗಳಿಂದ ಕದ್ದದ್ದು ನಿಜ. ಬೆಟ್ಟ ಮಾತ್ರ ಅತ್ತೆಯದು. ಬಸದಿಯಲ್ಲಿ ಪುರಾಣ ಕೇಳಿ ಬಂದು, ಕಾಳು ಆರಿಸುತ್ತ ಅವಳು ನನಗೆ ಲೋಕವನ್ನು ಹೇಳುತ್ತಿದ್ದಳು. ನಡುವೆ ಜಂಬೂದ್ವೀಪ, ಸುತ್ತ ಉಪ್ಪಿನ ಸಮುದ್ರ, ಅದರ ಸುತ್ತ ಇನ್ನೊಂದು ದ್ವೀಪ, ಹೀಗೆ ಬಳೆಯ ಸುತ್ತ ಬಳೆ. ಆಚೆಗೆ ಹಾಲಿನ ಸಮುದ್ರ, ತುಪ್ಪದ ಸಮುದ್ರ, ಕಬ್ಬಿನ ಹಾಲಿನ ಸಮುದ್ರ. ಕಬ್ಬಿನ ಹಾಲು ನಮ್ಮೂರಿಗೇನು ದೊಡ್ಡ ಸಂಗತಿಯಲ್ಲ, ಸಕ್ಕರೆ ಕಾರ್ಖಾನೆಯಿಂದಾಗಿ ಗಾಳಿಯೇ ಕಾಕಂಬಿ ನಾರುತ್ತಿತ್ತು. ಆದರೂ ಅಲ್ಲಿಗೆ ಹೋಗೋಣ ಎಂದು ನಾನು ಹಟ ಹಿಡಿದರೆ ಅವಳು ತಲೆಯಾಡಿಸುತ್ತಿದ್ದಳು. ಮೂರನೆಯ ದ್ವೀಪದ ನಡುವೆಯೇ ಮಾನುಷೋತ್ತರ ಪರ್ವತ ಅಡ್ಡ ನಿಂತಿದೆ, ಅದರಾಚೆ ಮನುಷ್ಯರಿಗೆ ದಾರಿಯಿಲ್ಲ.

ಅವಳಿಗೂ ಅಂಥದೊಂದು ಪರ್ವತವಿತ್ತು. ಗಂಡ ತೀರಿಕೊಂಡ ವರ್ಷ, ಊರಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಮುಂದೆ ಎದ್ದುನಿಂತು ಅವಳು ದಿಗ್ವ್ರತ ತೊಟ್ಟಳು. ಬದುಕಿರುವತನಕ ಈ ದಿಕ್ಕಿಗೆ ಇಷ್ಟೇ ದೂರ, ಅದರಾಚೆ ಹೆಜ್ಜೆಯಿಡುವುದಿಲ್ಲ ಎಂಬ ವ್ರತ. ಒಂದು ಕಡೆ ಅಥಣಿ, ಒಂದು ಕಡೆ ಕಾಗವಾಡ, ದಕ್ಷಿಣಕ್ಕೆ ಕೃಷ್ಣಾ ಹೊಳೆ. ಜನ ಸಾಮಾನ್ಯವಾಗಿ ಹಿಂದೆಮುಂದೆ ನೋಡಿ ದೂರದ ಗಡಿ ಹಾಕಿಕೊಳ್ಳುತ್ತಾರೆ. ದುಃಖದಲ್ಲಿದ್ದವಳಿಗೆ ಅಷ್ಟು ದೊಡ್ಡ ಲೋಕ ಬೇಕಾಗಿರಲಿಲ್ಲ. ಕೆಲವು ವರ್ಷಗಳ ಮೇಲೆ ನನ್ನ ಅಪ್ಪ ಅವಳ ಒಬ್ಬಳೇ ಮಗಳನ್ನು ಹೊಳೆಯಾಚೆ, ರಾಯಬಾಗದ ಕಡೆಯ ಹಳ್ಳಿಗೆ ಕೊಟ್ಟ. ಮನೆತನ ಚಲೋ ಇತ್ತು, ಹೊಲ ಇತ್ತು, ಹೆಣ್ಣುಮಗಳು ಹೇಗೂ ಪಂಚಮಿಗೆ ತವರಿಗೆ ಬರುತ್ತಾಳೆ ಎಂಬುದು ಅವನ ಲೆಕ್ಕ. ಅತ್ತೆಯನ್ನು ಯಾರೂ ಕೇಳಲಿಲ್ಲ.

ಒಂದೆರಡು ಪಂಚಮಿಗೆ ಮಗಳು ಬಂದಳು. ಆಮೇಲೆ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ಅವಳ ಸೊಂಟದ ಕೆಳಗೆ ಶಕ್ತಿಯೂ ಉಳಿಯಲಿಲ್ಲ. ಹಾಸಿಗೆ ಹಿಡಿದಳು. ಮಗಳು ಬರಲಾರಳು, ತಾಯಿ ಹೋಗಲಾರಳು. ನಡುವೆ ಇದ್ದದ್ದು ಬೇಸಿಗೆಯಲ್ಲಿ ದನಗಳು ದಾಟುವಷ್ಟು ನೀರು.

ಆಗ ನಾನು ಕಾಲೇಜಿಗೆ ಹೋಗುವ ಹುಡುಗಿ. ವಾರಕ್ಕೊಮ್ಮೆ ದೋಣಿಯಲ್ಲಿ ದಾಟಿ ಅವಳನ್ನು ನೋಡಿ ಬರುವುದು ನನ್ನ ಪಾಲಿಗೆ ಬಂತು. ತಿರುಗಿ ಬಂದರೆ ಅತ್ತೆ ಕೂರುವುದಕ್ಕೂ ಬಿಡುತ್ತಿರಲಿಲ್ಲ. ಆರಾಮ ಇದ್ದಾಳೆ ಎಂದರೆ ಅವಳಿಗೆ ಸಾಲುತ್ತಿರಲಿಲ್ಲ.

“ಅರಾಮ ಅನ್ನೋದು ಹಂಗಿರ್ಲಿ. ತೆಲಿ ಯಾವ ಕಡಿ ಮಾಡಿ ಮಲಗ್ಯಾಳ? ಕಿಡಕ್ಯಾಗಿಂದ ಏನ ಕಾಣತೈತಿ?”

ನೋಡಿರದಿದ್ದರೆ ಸಿಕ್ಕಿಬೀಳುತ್ತಿದ್ದೆ. ಮುಂದಿನ ವಾರ ಸರಿಯಾಗಿ ನೋಡಿಕೊಂಡು ಬರುತ್ತಿದ್ದೆ. ಕಿಟಕಿಯಲ್ಲಿ ಬೇವಿನ ಟೊಂಗೆ, ಗೋಡೆಯಲ್ಲಿ ಸುಣ್ಣ ಬಿಟ್ಟ ಜಾಗ, ನೀರಿನ ತಂಬಿಗೆ ಅವಳ ಕೈಗೆ ಎಟುಕದಷ್ಟು ದೂರ. ತಂಬಿಗೆಯ ವಿಷಯ ಹೇಳಿದ ದಿನ ಅತ್ತೆ ಊಟ ಬಿಟ್ಟಳು. ಹೋಗಲಾಗದವರಿಗೆ ಒಂದು ಲೋಕವನ್ನು ತಂದು ತೋರಿಸುವುದನ್ನು ನಾನು ಕಲಿತದ್ದು ಹೀಗೆ.

ಕೊನೆಗೆ ಅಪ್ಪನಿಗೇ ತಡೆಯಲಾಗಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡರೆ ಆದೀತು ಎಂದು ಮುನಿಗಳನ್ನು ಕೇಳಿಕೊಂಡು ಬಂದು, ದೋಣಿಯನ್ನೂ ತಂದು ನಿಲ್ಲಿಸಿದ. ಅತ್ತೆ ಮಗಳಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಮೆಟ್ಟಿಲಿಗೆ ಬಂದಳು. ಬಹಳ ಹೊತ್ತು ನಿಂತಿದ್ದು, ಆ ಗಂಟನ್ನು ನನ್ನ ಕೈಗಿಟ್ಟಳು.

“ನಮ್ಮನಿಯವರು ಹ್ವಾದಾಗ ನನ್ನ ಹಿಡದ ನಿಲ್ಲಿಸಿದ್ದು ಇದೊಂದ ಮಾತು. ಇದನ್ನ ಬಿಟ್ಟ ನಾ ಎಲ್ಲಿ ನಿಲ್ಲಲಿ? ನೀ ಹೋಗು. ಚಂದಂಗ ನೋಡ್ಕೊಂಡ ಬಾ.”

ನನಗೆ ಮೈಯೆಲ್ಲ ಉರಿಯಿತು. ವ್ರತ ಕೊಟ್ಟವರ ಮೇಲೆ, ಆಚೆಗೆ ಹೆಣ್ಣು ಕೊಟ್ಟ ಅಪ್ಪನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಅವಳ ಮೇಲೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಹೋಗಿಲ್ಲ. ಅದೇ ಮಳೆಗಾಲದಲ್ಲಿ ಮಗಳು ತೀರಿಕೊಂಡಳು. ಹೊಳೆ ತುಂಬಿ ದೋಣಿ ನಿಂತಿತ್ತು. ಸುತ್ತುಹಾಕಿ ರೈಲಿನಲ್ಲಿ ನಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಸಲ ಅತ್ತೆ ಏನನ್ನೂ ಕೇಳಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನನ್ನ ಮೊದಲ ಕಾದಂಬರಿ ಬರೆದೆ. ಸಿಟ್ಟಿನಲ್ಲೇ ಬರೆದೆ. ಅದರಲ್ಲಿ ತಾಯಿಯೊಬ್ಬಳು ಯಾರೂ ದಾಟದ ಬೆಟ್ಟವನ್ನು ದಾಟಿ, ಹಾಸಿಗೆ ಹಿಡಿದ ಮಗಳ ಮನೆಗೆ ಬಂದು ಬಾಗಿಲು ತೆರೆಯುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅಚ್ಚಿಗೆ ಕೊಡುವ ಮೊದಲು ಅದನ್ನು ಅತ್ತೆಗೆ ಓದಿದೆ, ಬೇಕೆಂದೇ ಓದಿದೆ. ಅವಳ ಕಣ್ಣು ಆಗಲೇ ಮಂಜಾಗಿತ್ತು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ ಕೊನೆಯತನಕ ಕೇಳಿಸಿಕೊಂಡಳು.

“ದಾಟಿದ್ಲೇನು?”

“ಹ್ಞೂಂ ಅತ್ತಿ.”

“ಬಾಗಲಾ ತಗದಾಗ ಮಗಳು ಎಚ್ಚರಿದ್ಲ?”

ಅದನ್ನು ನಾನು ಬರೆದಿರಲಿಲ್ಲ. ತಾಯಿಯನ್ನು ಬೆಟ್ಟ ದಾಟಿಸುವ ಹುರುಪಿನಲ್ಲಿ ಮಗಳ ಕಡೆ ನೋಡಿರಲೇ ಇಲ್ಲ.

“ಎಚ್ಚರಿದ್ಲು ಅತ್ತಿ,” ಅಂದೆ. “ಬಾಗಲದ ಕಡೇನ ನೋಡಾಕತ್ತಿದ್ಲು.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಹಂಗಾರ ಅದನ್ನ ಬರಿ,” ಅಂದಳು.

ಮರುವರ್ಷ ಅತ್ತೆ ತೀರಿಕೊಂಡಳು, ಹೊಳೆಯ ಈಚೆಗೇ. ಅಷ್ಟರಲ್ಲಿ ಪುಸ್ತಕ ಬಂದಿತ್ತು. ಬೆಟ್ಟ, ಸಮುದ್ರ, ಕುದುರೆ ಯಾವುದೂ ಅವಳಿಗೆ ಬೇಕಿರಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡು, ಕೊನೆಯ ಸಾಲೊಂದನ್ನೇ ನನ್ನಿಂದ ಮತ್ತೆ ಮತ್ತೆ ಓದಿಸುತ್ತಿದ್ದಳು: ಮಗಳು ಎಚ್ಚರವಿದ್ದಳು.