ಬದನೆ ಸಾಲಿನ ನಡುವೆ ಚೆಂಡುಹೂ

ನಮ್ಮ ಬಾಲ್ಕನಿಯ ಸೌತೆ ಬಳ್ಳಿ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಮೊನ್ನೆ ನರ್ಸರಿಯವನಿಗೆ ಹೇಳಿದೆ. "ಬಾಜೂಲಾ ಝೆಂಡು ಲಾವಾ ತಾಈ, ಮಧಮಾಶ್ಯಾ ಯೇತೀಲ" ಎಂದು ಎರಡು ಚೆಂಡುಹೂವಿನ ಸಸಿ ಕೈಗಿಟ್ಟ. ಪಕ್ಕದಲ್ಲಿ ನೆಟ್ಟರೆ ಜೇನುಹುಳ ಬರುತ್ತವಂತೆ. ಮನೆ ಮುಟ್ಟುವಷ್ಟರಲ್ಲಿ ಎಲೆಯ ಘಾಟು ಬೆರಳಿಗೆಲ್ಲ ಹತ್ತಿತ್ತು. ಕೈ ತೊಳೆಯಲು ಹೋದವಳು ನಲ್ಲಿ ತಿರುಗಿಸದೆ ನಿಂತುಬಿಟ್ಟೆ… ಮೊದಲು ನಾವಿದ್ದ ಕೋರಾಡಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಅಕ್ಕನ ಕೈಗೆ ಯಾವಾಗಲೂ ಇದೇ ವಾಸನೆ.

ಮದುವೆಯಾಗಿ ಮೈಸೂರಿನಿಂದ ಕೋರಾಡಿಗೆ ಬಂದ ಹೊಸತು. ನಮ್ಮವರು ವಿದ್ಯುತ್ ಸ್ಥಾವರಕ್ಕೆ ಶಿಫ್ಟಿಗೆ ಹೋದರೆ, ಹಿಂದಿ ಮರಾಠಿ ಎರಡೂ ಬಾರದ ನಾನು ಕ್ವಾರ್ಟರ್ಸಿನ ಬಾಗಿಲು ಹಾಕಿಕೊಂಡು ಕೂಲರಿನ ಮುಂದೆ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಲ ಗೋಡೆಯಾಚೆ ಯಾರೋ ಕನ್ನಡದಲ್ಲಿ ಹುಳಗಳನ್ನು ಬಯ್ಯುವುದು ಕೇಳಿಸಿತು. ಸ್ಟೂಲು ಹತ್ತಿ ಇಣುಕಿದೆ.

ಆ ಅಕ್ಕ ಗದಗಿನ ಕಡೆಯವರು. ಬದನೆ, ಟೊಮೇಟೊ ಸಾಲುಗಳ ನಡುನಡುವೆ ಚೆಂಡುಹೂ, ಕೋಸಿನ ಸುತ್ತ ಸಾಸಿವೆ, ಮೂಲೆಯಲ್ಲಿ ಹೂವಿಗೆ ಬಿಟ್ಟ ಕೊತ್ತಂಬರಿ. "ಸಾಸಿವಿ ಇತ್ತಂದ್ರ ಹೇನು ಮೊದ್ಲ ಅದಕ್ಕ ಹತ್ತತಾವ ನೋಡವ್ವಾ, ಕೋಸು ಉಳೀತೈತಿ. ಹೂ ಇಲ್ಲಾಂದ್ರ ಜೇನು ಯಾಕ ಬಂದಾವು?" ಎಂದು, ಎಷ್ಟೋ ಕಾಲದ ಪರಿಚಯವಿದ್ದಂತೆ ಮಾತು ಶುರುಮಾಡಿದರು.

ಆ ಹಿತ್ತಲು ಬಿಟ್ಟರೆ ಅವರಿಗೆ ಬೇರೆ ಊರಿರಲಿಲ್ಲ. ಅತ್ತೆ ಲಕ್ವ ಹೊಡೆದು ಮಲಗಿ ಒಂಬತ್ತು ವರ್ಷ. ಹಿತ್ತಲ ಕಿಟಕಿ ಸದಾ ತೆರೆದಿರಬೇಕು. ಒಳಗಿಂದ ಕೂಗು ಬಂದರೆ ಮಣ್ಣುಗೈಯಲ್ಲೇ ಓಡಬೇಕು. ಗಂಡನದು ಶಿಫ್ಟಿನ ಕೆಲಸ. ಇಟ್ಟ ಆಯಾಗಳನ್ನೆಲ್ಲ ಮುದುಕಿ ಉಗಿದು ಓಡಿಸಿದ್ದಳು. ನಾನು ಕನ್ನಡದವಳೆಂದೋ ಏನೋ, ನನ್ನ ಕೈಯಿಂದ ಮಾತ್ರ ಒಂದೆರಡು ಸಲ ಗಂಜಿ ಕುಡಿದಿದ್ದಳು. ಆ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. ಫಿನಾಯಿಲು, ಉಚ್ಚೆ, ಹಳೆಯ ಎಣ್ಣೆ…

ಎರಡನೆಯ ಚಳಿಗಾಲದಲ್ಲಿ ಅಕ್ಕ ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. "ನಮ್ಮ ತಂಗೀಗೆ ಭಾಳ ಜಡ್ಡು ಐತೆವ್ವಾ. ನೋಡಬೇಕಂತಾಳ. ನಾಕು ದಿನ ನಮ್ಮತ್ತೀ ಕಡೆ ಇರ್ತೀಯೇನು? ಇವರು ಹಗಲ ಶಿಫ್ಟ್ ಹಾಕಿಸ್ಕೊಂಡು ರಾತ್ರಿ ಇರ್ತಾರ. ಹಗಲಷ್ಟ ನೀ ಇದ್ರ ಸಾಕು."

"ಖಂಡಿತ ಇರ್ತೀನಕ್ಕಾ" ಎಂದೆ. ಅವರು ಅವತ್ತೇ ಚೀಲ ಕಟ್ಟಿದರು.

ರಾತ್ರಿ ಕಳೆಯುವಷ್ಟರಲ್ಲಿ ನನ್ನ ಧೈರ್ಯ ಸೋರಿಹೋಗಿತ್ತು. ಆ ಹೆಂಗಸನ್ನು ಮಗ್ಗುಲು ಹೊರಳಿಸುವುದು, ಬಟ್ಟೆ ಬದಲಿಸುವುದು, ಆ ಕೋಣೆಯಲ್ಲಿ ನಾಲ್ಕು ಹಗಲು ಕಳೆಯುವುದು ನನ್ನಿಂದ ಆಗದು ಎನಿಸಿತು. ಬೆಳಿಗ್ಗೆ ಹೋಗಿ, ನಮ್ಮವರ ಚಿಕ್ಕಪ್ಪನ ಮನೆಯವರು ಇದ್ದಕ್ಕಿದ್ದಂತೆ ಬರುತ್ತಿದ್ದಾರೆ, ಒಂದು ವಾರ ಇರುತ್ತಾರೆ ಎಂದು ಸುಳ್ಳು ಹೇಳಿದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಇರಲಿ ಬಿಡವ್ವಾ. ಬೀಗರು ಬರೂದು ತಪ್ಪಸಾಕ ಆಗತೈತೇನು?" ಎಂದರು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೊಂದು ಬುಟ್ಟಿ ಬಂತು. ತುಂಬ ಎಳೆ ಬದನೆ, ಟೊಮೇಟೊ. "ಮನಿ ತುಂಬ ಮಂದಿ. ಬೇಕಾಗ್ತಾವ, ಇಟ್ಕೋ."

ಯಾರೂ ಬರಲಿಲ್ಲ. ಬರುವವರಿದ್ದರಲ್ಲವೇ? ಆ ವಾರವೆಲ್ಲ ನಾನು ಹಿತ್ತಲಿಗೆ ಬಟ್ಟೆ ಒಣಹಾಕಲೂ ಹೋಗಲಿಲ್ಲ. ತಂತಿಯ ಮೇಲೆ ನಮ್ಮಿಬ್ಬರದೇ ಬಟ್ಟೆ ಕಂಡರೆ… ಆರನೆಯ ದಿನ ಗೋಡೆಯಾಚೆ ಅಕ್ಕ ಅಳುವುದು ಕೇಳಿಸಿತು. ಅಕ್ಕ ಹೋಗಿ ನೋಡುವ ಮೊದಲೇ ತಂಗಿ ತೀರಿಹೋಗಿದ್ದಳು. ನಡುವೆಯೇ ಕಿಟಕಿಯಿಂದ ಅತ್ತೆಯ ಕೂಗು ಬಂತು. ಅಳು ನಿಂತಿತು. ಒಳಗೆ ಓಡಿದ ಚಪ್ಪಲಿಯ ಸದ್ದೂ ಕೇಳಿಸಿತು.

ನಾವು ಊರೊಳಗಿನ ಫ್ಲ್ಯಾಟಿಗೆ ಬಂದ ಮೇಲೆ ಅಕ್ಕನ ಅತ್ತೆ ತೀರಿಕೊಂಡ ಸುದ್ದಿ ತಿಳಿದು ಫೋನು ಮಾಡಿದ್ದೆ. ಇನ್ನಾದರೂ ಊರಿಗೆ ಹೋಗಿ ಬನ್ನಿ ಅಕ್ಕಾ, ಎಂದೆ.

"ಯಾರ ಮನೀಗೆ ಹೋಗ್ಲೆವ್ವಾ? ತವರಂದ್ರ ಆಕಿ ಒಬ್ಬಾಕಿ ಇದ್ಲು."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಹೋದ ವರ್ಷ ಅವರೂ ತೀರಿಕೊಂಡರು. ನಮ್ಮ ಮನೆಗೆ ಯಾರೂ ಬರಲಿಲ್ಲವೆಂದು ಅವರಿಗೆ ಗೊತ್ತಿತ್ತು, ಒಂದು ಗೋಡೆ ಮಾತ್ರ ನಮ್ಮ ನಡುವೆ ಇದ್ದದ್ದು. ಯಾಕೆ ಸುಳ್ಳು ಹೇಳಿದೆ ಎಂದು ಒಮ್ಮೆಯಾದರೂ ಕೇಳಿ ನನ್ನನ್ನು ಬಿಡುಗಡೆ ಮಾಡಲಿಲ್ಲ ಅಕ್ಕ… ಇನ್ನು ಮಾಡುವವರು ಯಾರೂ ಇಲ್ಲ.